ಪ್ಲೇಟುಗಳ ಪೆಟ್ಟಿಗೆ ಬೆಟ್ಟ ಇಳಿದದ್ದು

ದೆವ್ವ, ಶಕುನ, ಕಾಣದ ಕೈಯ ಸಹಾಯ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಕಾಲೇಜಿನಲ್ಲಿ ಓದಿದ್ದು ತರ್ಕಶಾಸ್ತ್ರ. ಈಗಲೂ ನಂಬುತ್ತೇನೆಂದು ಹೇಳಲಾರೆ. ನೆನಪು ತನಗೆ ಬೇಕಾದಂತೆ ಕತೆ ಕಟ್ಟುತ್ತದೆಂಬುದೂ ಗೊತ್ತು. ಆದ್ದರಿಂದ ಖಚಿತವಾಗಿ ನೆನಪಿರುವಷ್ಟನ್ನೇ ಬರೆಯುತ್ತೇನೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಅಗ್ರಹಾರದಲ್ಲಿ ನಮ್ಮ ಭಾವನ ಫೋಟೋ ಸ್ಟುಡಿಯೋ ಇತ್ತು. ಅವರಿಗೆ ಜ್ವರ ಬಂದಿದ್ದರಿಂದ, ಚಾಮುಂಡಿ ಬೆಟ್ಟದ ಮೇಲೆ ನಡೆದ ಗೆಳೆಯನ ತಂಗಿಯ ಮದುವೆಗೆ ಕ್ಯಾಮೆರಾ ಹಿಡಿದು ನಾನೇ ಹೋದೆ. ಮದುಮಗ ಸೈನ್ಯದವನು, ಮಾರನೆಯ ಬೆಳಿಗ್ಗೆಯೇ ರೈಲು ಹತ್ತಬೇಕು. "ಇವಳ ಫೋಟೋ ಇಲ್ದೆ ಹೋಗೋಲ್ಲ ಕಣ್ರೀ" ಎಂದ. ನಗುತ್ತಲೇ ಅಂದರೂ ನನ್ನ ಕೈ ಬಿಡಲಿಲ್ಲ. ಮಾತು ಕೊಟ್ಟೆ.

ಸಂಜೆ ನೋಡಿದರೆ ದಿಬ್ಬಣದ ಬಸ್ಸು ಕೆಟ್ಟು ನಿಂತಿದೆ. ಅಡುಗೆಯವರ ಸೈಕಲ್ ಕೇಳಿ ಪಡೆದೆ. ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಂಡೆ. ಚಿಂತೆಯಿದ್ದದ್ದು ಪ್ಲೇಟುಗಳದು. ಆಗ ಚಿತ್ರ ಮೂಡುತ್ತಿದ್ದದ್ದು ಗಾಜಿನ ಮೇಲೆ. ಬಿರುಕು ಬಿಟ್ಟರೆ ಎಲ್ಲವೂ ಹೋದಂತೆ. ಮದುಮಗಳ ಸೋದರತ್ತೆ ಪ್ಲೇಟುಗಳ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ, ಕ್ಯಾರಿಯರ್ ಮೇಲಿಟ್ಟು ಹಗ್ಗ ಬಿಗಿದರು.

"ಕೂಸು ಕಟ್ದಂಗೆ ಕಟ್ಟಿದೀನಿ. ಬೀಳಿಸ್ಬುಟ್ಟೀಯ, ಜೋಕೆ!"

ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತ ಎರಡು ತಿರುವು ದಾಟಿದೆ. ಆಮೇಲೆ ಚಕ್ರ ಗುಂಡಿಗೆ ಬಿದ್ದು ಹಾರಿತು. ಹಿಂದೆ ಹಗ್ಗ ಬಿಚ್ಚಿಕೊಂಡು ಕಡ್ಡಿಗಳಿಗೆ ಬಡಿಯುವ ಸದ್ದು. ಮುಗಿಯಿತು ಅಂದುಕೊಂಡೆ. ಆಗ ಕ್ಯಾರಿಯರ್ ಮೇಲೆ ಯಾರೋ ಕೂತಂತೆ ಭಾರವಾಯಿತು. ಭಾರ ಬಿದ್ದ ಮೇಲೆ ಓಟ ಹೆಚ್ಚಬೇಕಿತ್ತು. ಸೈಕಲ್ ನಿಧಾನವಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಬೆಟ್ಟದ ಬುಡದಲ್ಲಿ ಪೊಲೀಸಿನವನು ಸೀಟಿ ಊದಿದ. "ಡಬಲ್ಸ್ ಹೊಡೀಬಾರ್ದು ಅಂತ ಗೊತ್ತಿಲ್ವೇನ್ರೀ? ನನ್ನ ಕಂಡ್ಕೂಡ್ಲೆ ಹಿಂದಿದ್ದೋರನ್ನ ಇಳಿಸ್ಬುಟ್ರಾ?"

"ಒಬ್ನೇ ಬಂದೆ ಸ್ವಾಮಿ."

"ನನ್ಗೇನ್ ಕಣ್ಣಿಲ್ವಾ? ಗಂಟು ತಬ್ಕೊಂಡು ಕೂತಿದ್ರಲ್ಲ!"

ತಿರುಗಿದೆ. ಹಗ್ಗ ನೆಲಕ್ಕೆ ಜೋತುಬಿದ್ದಿತ್ತು. ದುಪ್ಪಟಿಯ ಗಂಟು ಮಾತ್ರ ಇಟ್ಟಲ್ಲೇ ಇತ್ತು.

ಸ್ಟುಡಿಯೋದಲ್ಲಿ ಭಾವ ಜ್ವರದಲ್ಲೇ ಎದ್ದು ಬಂದು ಪ್ಲೇಟುಗಳನ್ನು ಕತ್ತಲೆಕೋಣೆಯಲ್ಲಿ ತೊಳೆದು, ಒಂದೊಂದಾಗಿ ದೀಪಕ್ಕೆ ಹಿಡಿದರು. ಒಂದಕ್ಕೂ ಗೀರಿರಲಿಲ್ಲ. "ಭೇಷ್ ಕಣೋ!" ಎಂದು ಬೆನ್ನಿಗೆ ಗುದ್ದಿದರು. ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ, ಇನ್ನೂ ಹಸಿ ಆರದ ಫೋಟೋವನ್ನು ಮದುಮಗನ ಕೈಗಿಟ್ಟೆ. ಆತ ನನ್ನನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದ. ಹೊಸ ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಳು. ಅಷ್ಟು ಹೆಮ್ಮೆ ನನಗೆ ಬಿ.ಎ. ಪಾಸಾದಾಗಲೂ ಆಗಿರಲಿಲ್ಲ.

ಮಬ್ಬಿನಲ್ಲಿ ದುಪ್ಪಟಿಯ ಗಂಟೇ ಪೊಲೀಸಿನವನಿಗೆ ಮನುಷ್ಯನಂತೆ ಕಂಡಿರಬಹುದು. ಭಯಕ್ಕೆ ನನಗೂ ಭಾರವೆನಿಸಿರಬಹುದು. ಹೀಗೆಂದುಕೊಂಡು ಮುಂದೊಂದು ದಿನ, ಇಟ್ಟಿಗೆ ತುಂಬಿದ ಪೆಟ್ಟಿಗೆಯನ್ನು ಹಗ್ಗವಿಲ್ಲದೆ ಕ್ಯಾರಿಯರ್ ಮೇಲಿಟ್ಟು ಅದೇ ದಾರಿಯಲ್ಲಿ ಇಳಿದೆ. ಮೊದಲ ತಿರುವಿನಲ್ಲೇ ಬಿತ್ತು. ಫೋಟೋ ತಲುಪಿಸಿ ಗೆದ್ದದ್ದಂತೂ ನಿಜ. ಆ ಗೆಲುವಿನಲ್ಲಿ ನನ್ನ ಪಾಲೆಷ್ಟು ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.