ನೆರಳಿನ ಮೇಲೆ ನಿಂತ ಗಾಡಿ

ನನ್ನ ಗಂಡನ ಆಫೀಸಿನಲ್ಲಿರುವ ಒಮಾನಿ ಹುಡುಗನೊಬ್ಬನ ಊರು ಬೆಟ್ಟದ ಮೇಲಿದೆ. ಬಂಡೆಗೆ ಅಂಟಿಕೊಂಡ ಕಲ್ಲುಮಣ್ಣಿನ ಮನೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟಗಳು. ಅಲ್ಲಿ ಎಲ್ಲಕ್ಕಿಂತ ಹಳೆಯದು ಫಲಜ್, ಅಂದರೆ ಒರತೆಯ ನೀರು ತರುವ ಕಾಲುವೆ. ಮೊದಲು ನೀರು ಬಂತು, ಆಮೇಲೆ ಜನ, ಅವರ ಬೆನ್ನಿಗೇ ಜಗಳ. ಊರಿನ ಚರಿತ್ರೆ ಇಷ್ಟೇ ಎಂದು ಅವನೇ ನಗುತ್ತಿದ್ದ.

"ಶುಕ್ರವಾರ ಬನ್ನಿ" ಎಂದು ಫೋನ್ ಮಾಡಿದ. "ಅವತ್ತು ಅಮ್ಮನ ನೀರಿನ ಸರದಿ. ಬೆಳ್ಳುಳ್ಳಿ ಗಡ್ಡೆ ಕಟ್ಟುವ ಹೊತ್ತು, ಈ ನೀರು ತಪ್ಪಿದರೆ ಬೆಳೆ ಹೋದ ಹಾಗೆ. ನಾನು ತೋಟದಲ್ಲೇ ಇರ್ತೇನೆ."

ಊರ ಬಾಯಲ್ಲಿ ಒಬ್ಬ ದಪ್ಪ ಮೀಸೆಯ ರೈತ ನಮ್ಮ ಗಾಡಿಗೆ ಕೈ ಅಡ್ಡ ಹಿಡಿದು, ನಗುನಗುತ್ತ ಒಂದು ಬಯಲು ತೋರಿಸಿದ. ನಾವಿರುವ ದಾರ್ಸೈಟಿನಲ್ಲಿ ಗಾಡಿ ನಿಲ್ಲಿಸಲು ಬೀದಿ ಬೀದಿ ಸುತ್ತುವವರು ನಾವು. ಸಪಾಟು ಜಾಗ ಕಂಡದ್ದೇ ತಡ, ಇವರು ನುಗ್ಗಿಸಿಬಿಟ್ಟರು. ಪಕ್ಕದಲ್ಲೊಂದು ಕೋಲು ನೆಟ್ಟಿತ್ತು. ಮೇಕೆ ಕಟ್ಟಲಿಕ್ಕಿರಬೇಕು ಅಂದುಕೊಂಡೆ.

ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಹಾ ಬಗ್ಗಿಸುತ್ತಿದ್ದಾಗ ಒಬ್ಬ ಮುದುಕ ಬಂದ. ಗಾಡಿಗೆ ಒಂದು ಸುತ್ತು ಹಾಕಿ, ಬಗ್ಗಿ ಅಡಿಯನ್ನು ನೋಡಿದ.

"ಅವ ಎಂತ ನೋಡುವುದು ಮಾರಾಯ್ರೆ?"

"ಟಯರ್ ಗಾಳಿ ತೆಗಿಲಿಕ್ಕೆ ಇರ್ಬೇಕು. ಸುಮ್ನೆ ಕೂತ್ಕೊ."

"ಸುಮ್ನೆ ಕೂತ್ರೆ ರಾತ್ರಿ ನೀವೇ ದೂಡಿ ಬೆಟ್ಟ ಇಳಿಸ್ತೀರಾ?"

ಮುದುಕ ನಮ್ಮತ್ತ ಕೈ ಬೀಸಿ ಏನೋ ಕೂಗಿದ. ನಮ್ಮನ್ನು ಓಡಿಸುತ್ತಿದ್ದಾನೆ ಎಂದೇ ತಿಳಿದು, ಇವರು ಬೀಗ ಸರಿ ಬಿದ್ದಿದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿದರು.

ಅಷ್ಟರಲ್ಲಿ ನಮ್ಮ ಹುಡುಗ ಏದುಸಿರು ಬಿಡುತ್ತ ಓಡಿಬಂದ. "ಗಾಡಿ ತೆಗೀರಿ ಸಾರ್, ಬೇಗ! ಯಲ್ಲಾ, ಯಲ್ಲಾ!"

ಆಗ ತಿಳಿಯಿತು, ಆ ಕೋಲೇ ಊರಿನ ಗಡಿಯಾರ: ಅದರ ನೆರಳು ನೆಲದ ಕಲ್ಲುಸಾಲಿನಲ್ಲಿ ಯಾವ ಕಲ್ಲು ಮುಟ್ಟಿತೋ ಅದರಂತೆ ಒಬ್ಬರ ನೀರು ಮುಗಿದು ಇನ್ನೊಬ್ಬರದು ಶುರು. ಮುದುಕ ಅದನ್ನು ನೋಡಿ ಸರದಿ ಕೂಗುವವನು. ನಮ್ಮ ಗಾಡಿ ಆ ಕಲ್ಲುಗಳ ಮೇಲೇ ನಿಂತಿತ್ತು.

"ಗಂಟೆ ನೋಡ್ಲಿಕ್ಕೆ ಎಲ್ಲರ ಹತ್ರ ಫೋನ್ ಇಲ್ವಾ?" ಎಂದೆ.

"ಇದೆ. ಒಬ್ಬರ ಫೋನ್ ಇನ್ನೊಬ್ಬರು ನಂಬಬೇಕಲ್ಲ!"

ಗಾಡಿ ಸರಿಸಿದಾಗ ನೆರಳು ಅವನ ಅಮ್ಮನ ಕಲ್ಲನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ನೀರು ಮಾತ್ರ ಇನ್ನೂ ಹಿಂದಿನ ಸರದಿಯವನ, ಅಂದರೆ ನಮಗೆ ಜಾಗ ತೋರಿಸಿದ ಮೀಸೆಯವನ, ದಾಳಿಂಬೆ ತೋಟಕ್ಕೇ ಹರಿಯುತ್ತಿತ್ತು. ಕೆಸರುಗಾಲಲ್ಲೇ ಮೇಲೆ ಬಂದ ಆ ತಾಯಿ ಯಾರನ್ನೂ ಬೈಯಲಿಲ್ಲ. ನನ್ನನ್ನು ಮಾತ್ರ ಕೇಳಿದರು, ಮಗ ಅದನ್ನು ನಮ್ಮ ಮಾತಿಗೆ ತಿರುಗಿಸಿದ: "ಅಲ್ಲಿ ನಿಲ್ಲಿಸಿ ಎಂದದ್ದು ಯಾರು?"

ಅಷ್ಟರಲ್ಲಿ ಸೇರಿದ್ದ ಊರವರೆಲ್ಲ ನನ್ನ ಮುಖ ನೋಡಿದರು. ಗುಂಪಿನಲ್ಲಿದ್ದ ಮೀಸೆಯವನು ತನ್ನ ಚಪ್ಪಲಿ ನೋಡಿದ. ನಾನು ಕೈ ತೋರಿಸಿದೆ.

"ಅತಿಥಿಗಳಿಗೆ ಜಾಗ ತೋರಿಸಿದ್ದೂ ತಪ್ಪಾ?" ಎಂದ ಅವನು. ಇರಬಹುದು, ಅವನಿಗೆ ಹೊಳೆಯದೇ ಇದ್ದಿರಬಹುದು. ಹುಟ್ಟಿದಂದಿನಿಂದ ಆ ಕೋಲು ನೋಡಿ ಬೆಳೆದವನಿಗೆ!

ಮುದುಕ ತೀರ್ಪು ಕೊಟ್ಟ: ಹೋದಷ್ಟು ನೀರನ್ನು ಇವತ್ತೇ, ತಾಯಿಯ ಸರದಿಯ ಕೊನೆಗೆ ಕೂಡಿಸಬೇಕು, ಮೀಸೆಯವನ ಮುಂದಿನ ಸರದಿಯಲ್ಲಿ ಅಷ್ಟು ಕಡಿತ. ಮೀಸೆಯವನು ಕಾಲುವೆಗಿಳಿದು ತನ್ನ ಕಡೆಯ ಬಾಯಿಗೆ ಕಲ್ಲಿಟ್ಟು ಹಳೇ ಬಟ್ಟೆ ತುರುಕಿದ. ನೀರು ತಿರುಗಿ ಬೆಳ್ಳುಳ್ಳಿ ಪಾತಿಗಳತ್ತ ಓಡಿತು. ಮಗ ನಿಟ್ಟುಸಿರು ಬಿಟ್ಟ. ತಾಯಿ ಮಾತ್ರ ಮೊಣಕಾಲೂರಿ, ಆ ಕಲ್ಲಿನ ಸಂದಿಗೆ ಕಣ್ಣಿಟ್ಟು ನೋಡಿದರು. ಅಲ್ಲಿಂದ ಇನ್ನೂ ಒಂದು ಸಣ್ಣ ಎಳೆ ದಾಳಿಂಬೆಯ ಕಡೆ ಜಿನುಗುತ್ತಿತ್ತು. ಹಿಡಿ ಕೆಸರು ತೆಗೆದು ಗಟ್ಟಿಯಾಗಿ ಒತ್ತಿದರು.