ಮಗ್ಗಗಳು ನಿಂತ ಮಧ್ಯಾಹ್ನ

ಬೆಟಗೇರಿಯ ತವರುಮನೆಯ ಶೋಕೇಸಿನಲ್ಲಿ ಇವತ್ತು ಅಪ್ಪನ ಮಗ್ಗದ ಹಳೆಯ ಲಾಳಿ ಕಂಡಿತು. ಕೈ ತಾನಾಗಿಯೇ ಹುಬ್ಬಿನ ಮೇಲಿನ ಕಲೆಗೆ ಹೋಯಿತು.

ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಯಾರಾದರೂ ಸತ್ತರೆ ಮಾತ್ರ ಮಗ್ಗಗಳು ನಿಲ್ಲುತ್ತಿದ್ದವು. ಒಂದು ಮಧ್ಯಾಹ್ನ ಅಪ್ಪ ಸೀರೆ ನೇಯುತ್ತಿದ್ದಾಗ ನಾನು ಪಕ್ಕದಲ್ಲೇ ಆಡುತ್ತಿದ್ದೆ. ಲಾಳಿ ದಾರಿ ತಪ್ಪಿ ಹಾರಿತು. ಅದರ ಕಬ್ಬಿಣದ ಮೊನೆ ಹುಬ್ಬಿಗೆ ಬಡಿದು ಕಣ್ಣೆಲ್ಲ ರಕ್ತವಾಯಿತು. ಅಜ್ಜಿ ಪಕ್ಕದ ಮನೆಯ ಬಾಣಂತಿಯ ಎದೆಹಾಲು ತಂದು ಕಣ್ಣಿಗೆ ಬಿಡಲು ಹೊರಟಳು.

“ಏನೂ ಹಾಕಬ್ಯಾಡ ಯವ್ವಾ!” ಎಂದು ಅಪ್ಪ ನನ್ನನ್ನು ಎತ್ತಿಕೊಂಡು ದವಾಖಾನೆಗೆ ಓಡಿದ.

ಡಾಕ್ಟರು ಹೊಲಿಗೆ ಹಾಕಿ ಎರಡೂ ಕಣ್ಣು ಕಟ್ಟಿದರು. “ನಾಳಿ ಬಿಚ್ಚಿ ನೋಡೂಣ್ರಿ. ಈಗ ಏನೂ ಹೇಳಾಕ ಬರೂದಿಲ್ಲ” ಎಂದರು.

ಮನೆಗೆ ಬಂದಾಗ ಓಣಿಯಲ್ಲಿ ಒಂದೂ ಮಗ್ಗದ ಸದ್ದಿರಲಿಲ್ಲ.

“ಅಜ್ಜೀ, ಯಾರು ಸತ್ತಾರ? ನಾನೇನ?” ಎಂದು ಚೀರಿದೆ.

ಸುದ್ದಿ ಕೇಳಿ ಕೆಲಸ ಬಿಟ್ಟು ನಮ್ಮ ಬಾಗಿಲಿಗೆ ಬಂದಿದ್ದ ಜನರ ಮೇಲೆ ಅಜ್ಜಿ ಹರಿಹಾಯ್ದಳು: “ಹೋಗಿ ಮಗ್ಗ ನಡಸ್ರಿ! ಕೂಸು ಹೆದರ್ಕೊಂಡೈತಿ!”

ಒಂದೊಂದಾಗಿ ಮಗ್ಗಗಳು ಖಟಪಟ ಎಂದವು. ಅಪ್ಪನದೊಂದು ಮಾತ್ರ ಸುಮ್ಮನಿತ್ತು. ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು, ಎಷ್ಟು ಎಂದು ಕೇಳಲು ಅವನು ಚಾಚಿದ್ದ ಎರಡು ಬೆರಳು.

“ಅಕ್ಕಾ, ಚಾ ಆರಾಕತ್ತೈತಿ” ಎಂದು ಈಗ ಒಳಗಿನಿಂದ ತಮ್ಮ ಕರೆದ.

ಹೊರಗೆ, ಮಗ್ಗಗಳೆಲ್ಲ ಎಂದೋ ಮಾರಿಹೋದ ಓಣಿಯಲ್ಲಿ, ಖಟಪಟ ಸದ್ದಿಲ್ಲ. ಯಾರೂ ಸತ್ತಿಲ್ಲ.