ಕೊನೆಯ ಬಾಟಲಿಗೆ ಚಿಕ್ಕಬೋರಮ್ಮನ ಸಾರು

ಸಂತೆಬಾಚಹಳ್ಳಿಯ ಬೆಟ್ಟಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಮಣ್ಣು ಹೊರುವವರ ಹಿಂದೆ ಹೋಗಿ, ತಾನು ಮಣ್ಣು ಹೊರದೆ, ಮೂರು ಕಲ್ಲು ಹೂಡಿ ಹಂಡೆಯಲ್ಲಿ ಸಾರು ಕಾಯಿಸಿದವಳು. ಅವಳ ಕೈಯೂಟ ಉಂಡವರು ಮಧ್ಯಾಹ್ನದ ಮೇಲೆ ಇನ್ನೆರಡು ಮಂಕರಿ ಮಣ್ಣು ಹೆಚ್ಚಿಗೆ ಹೊರುತ್ತಿದ್ದರಂತೆ. ಅವಳ ಮಗ ಚಿಕ್ಕಯ್ಯ ಗುಡ್ಡೆ ಬಾಡು ಹಾಕುವುದರಲ್ಲಿ ಎತ್ತಿದ ಕೈ. ಹತ್ತು ಮನೆಯವರು ಸೇರಿ ಕುರಿ ಕೊಯ್ದರೆ ತಕ್ಕಡಿ ಮುಟ್ಟದೆ ಮುತ್ತುಗದ ಎಲೆಯ ಮೇಲೆ ಹತ್ತು ಗುಡ್ಡೆ ಸಮನಾಗಿ ಹಾಕುತ್ತಿದ್ದ. ತನ್ನ ಗುಡ್ಡೆಗೆ ಮೂಳೆ ಜಾಸ್ತಿ ಬಂತು ಎಂದು ಯಾರೂ ಗೊಣಗಿದ್ದಿಲ್ಲ. ಚಿಕ್ಕಯ್ಯನ ಮಗಳು ಸೋಮಮ್ಮ. ಮನೆವಾಳ್ತನಕ್ಕೆ ಅಳಿಯನನ್ನು ತಂದುಕೊಂಡು ಊರಲ್ಲೇ ಉಳಿದ ಇವಳಿಗೆ ದೇವರು ಕೊಟ್ಟಿದ್ದು ಮೂಗು. ನಮ್ಮ ಕಡೆ ಪಕ್ಷದ ಹಬ್ಬದಲ್ಲಿ ಸತ್ತ ಹಿರಿಯರಿಗೆ ಇಡುವ ಎಡೆಯ ಅಡುಗೆಯನ್ನು ಮಾಡುವವರು ಮೊದಲೇ ರುಚಿ ನೋಡುವಂತಿಲ್ಲ. ಹಿರಿಯರು ಉಂಡ ಮೇಲೆಯೇ ಮಿಕ್ಕವರ ನಾಲಿಗೆಗೆ. ಸೋಮಮ್ಮ ಕುದಿಯುವ ಸಾರಿನ ಹಬೆಗೆ ಮೂಗು ಒಡ್ಡಿ, ಇನ್ನು ಅರ್ಧ ಚಿಟಿಕೆ ಉಪ್ಪು ಬೇಕು ಎನ್ನುತ್ತಿದ್ದಳು. ಅದು ಸುಳ್ಳಾದದ್ದನ್ನು ಕಂಡವರಿಲ್ಲ.

ಈ ಸೋಮಮ್ಮನ ಮಗಳೇ ಪಾಲಹಳ್ಳಿಯ ಚಿಕ್ಕಬೋರಮ್ಮ. ಚಿಕ್ಕಸ್ವಾಮಿಯ ಕೈಹಿಡಿದು ಬಂದು ನಲವತ್ತು ವರ್ಷವಾಯಿತು. ಅತ್ತೆ ಮೊದಲ ವರ್ಷವೇ ಸೌಟು ಕೈಗೆ ಕೊಟ್ಟು ಜಗಲಿಯ ಮೇಲೆ ಕೂತವರು ಮತ್ತೆ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಅಷ್ಟು ನಂಬಿಕೆ. ಚಿಕ್ಕಬೋರಮ್ಮನ ಬಾಡಿನ ಸಾರೆಂದರೆ ಖಾರದ ಸಾರು. ಉಂಡವರ ನೆತ್ತಿ ಬೆವರಬೇಕು, ಮೂಗು ಸೋರಬೇಕು, ಆದರೂ ಇನ್ನೊಂದು ಸೌಟು ಬಿಡಿಸಿಕೊಳ್ಳಬೇಕು.

ಚಿಕ್ಕಸ್ವಾಮಿ ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ದುಡಿದವನು. ಲೋಟ ತೊಳೆಯುವುದಕ್ಕೆ ಸೇರಿ, ಕೊನೆಗೆ ದೊಡ್ಡ ಮನುಷ್ಯರ ಮೇಜಿಗೆ ವೈನು ಸುರಿಯುವವನಾದ. ಬಿಟ್ಟು ಬರುವ ದಿನ ಮ್ಯಾನೇಜರು ಅವನ ಕೈಗೆ ಹಳೆಯ ಕೆಂಪು ವೈನಿನ ಐದು ಬಾಟಲಿ ಕೊಟ್ಟ. ಆಗಲೇ ಅವಕ್ಕೆ ಹದಿಮೂರು ವರ್ಷ ತುಂಬಿತ್ತು. ಚಿಕ್ಕಸ್ವಾಮಿ ಅವನ್ನು ಹಿತ್ತಲಿನ ಹಗೇವಿನಲ್ಲಿ ಮಲಗಿಸಿದ. ಹಿಂದೆ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಆ ಹೊಂಡ ಬರಿದಾಗಿ ಎಷ್ಟೋ ವರ್ಷವಾಗಿತ್ತು. ಒಳಗೆ ಬೇಸಿಗೆಯಲ್ಲೂ ತಂಪು, ಹಗಲಲ್ಲೂ ಕತ್ತಲು. ಹಳೆಯ ವೈನಿಗೆ ಬೇಕಾದದ್ದೇ ಅದು. ಬಾಟಲಿ ನಿಲ್ಲಿಸಿದರೆ ಬೂಚು ಒಣಗಿ ಗಾಳಿ ನುಗ್ಗುತ್ತದೆ ಎಂದು ನೆಲ್ಲುಹುಲ್ಲಿನ ಮೇಲೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದ. ವರ್ಷಕ್ಕೊಂದು, ಪಕ್ಷದ ದಿನ ತೆಗೆಯುವುದು ಎಂದು ಗೊತ್ತು ಮಾಡಿಕೊಂಡ. ಹಿರಿಯರ ಎಡೆಗೆ ಹೇಗೂ ಬ್ರಾಂದಿ ಇಡುವುದುಂಟು, ಅದರ ಪಕ್ಕ ಒಂದು ಗುಟುಕು ವೈನು. ಮಿಕ್ಕಿದ್ದು ಮನೆಯವರಿಗೆ.

ಮೊದಲೆರಡು ವರ್ಷ ವೈನಿನ ಜೊತೆಗೆ ಚಿಕ್ಕಬೋರಮ್ಮನ ಸಾರೇ ಇತ್ತು. ಚಿಕ್ಕಸ್ವಾಮಿ ಒಂದು ಗಂಟೆ ಮುಂಚೆ ಬೂಚು ತೆಗೆದು, ತಳದ ಗಸಿ ಕದಡದಂತೆ ಟಾರ್ಚಿನ ಬೆಳಕು ಹಿಡಿದು ಜಗ್ಗಿಗೆ ಬಗ್ಗಿಸಿ, ಹೊಟ್ಟೆದಪ್ಪದ ಗಾಜಿನ ಲೋಟಕ್ಕೆ ಎರಡು ಬೆರಳಷ್ಟು ಹಾಕಿಕೊಳ್ಳುತ್ತಿದ್ದ. ಒಂದು ತುತ್ತು ಮುದ್ದೆ ಸಾರು ನುಂಗಿ, ಒಂದು ಗುಟುಕು ಹೀರಿ, ಸುಮ್ಮನೆ ಗೋಡೆ ನೋಡುತ್ತಿದ್ದ. ಅವಳೂ ಒಂದು ಗುಟುಕು ಕುಡಿದು ನೋಡಿದ್ದಳು. ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಇದಕ್ಕೇನು ಇಷ್ಟು ಮರ್ಯಾದೆ ಎಂದುಕೊಂಡಳು.

ಮೂರನೇ ವರ್ಷ ಪ್ರಮೀಳಾ ಟಿಫನ್ ಕ್ಯಾರಿಯರ್ ಹಿಡಿದು ಬಂದಳು. ಚಿಕ್ಕಸ್ವಾಮಿಯ ತಮ್ಮ ರವೀಂದ್ರನ ಹೆಂಡತಿ. ಶ್ರೀರಂಗಪಟ್ಟಣದಲ್ಲಿ ಮನೆ, ಹೈಸ್ಕೂಲಿನಲ್ಲಿ ಮೇಡಂ. ಅತ್ತಿಗೆಗೆ ಒಬ್ಬಳಿಗೇ ಕಷ್ಟವಾಗುತ್ತದೆ ಎಂದು ಕಾಯಿಹಾಲು ಹಾಕಿದ ಮಟನ್ ಸಾರು ಮಾಡಿ ತಂದಿದ್ದಳು. ಖಾರ ಇದೆಯೋ ಇಲ್ಲವೋ ಅನ್ನುವಂಥ ಸಾರು. ಚಿಕ್ಕಸ್ವಾಮಿ ಅದನ್ನು ಒಂದು ತುತ್ತು ತಿಂದು, ವೈನು ಹೀರಿ, ಕಣ್ಣು ಮುಚ್ಚಿದ. ಮದುವೆಯಾದಂದಿನಿಂದ ಅವನು ಊಟ ಮಾಡುವಾಗ ಕಣ್ಣು ಮುಚ್ಚಿದ್ದನ್ನು ಚಿಕ್ಕಬೋರಮ್ಮ ಕಂಡಿರಲಿಲ್ಲ.

“ಇದೂ ಅದೂ ಜೋಡಿ ಕಣವ್ವ,” ಎಂದ ಪ್ರಮೀಳಾಗೆ. “ಖಾರ ಇದ್ರೆ ವೈನು ಸತ್ತೋಯ್ತದೆ.”

ಅಂದರೆ ಎರಡು ವರ್ಷ ಅದನ್ನು ಕೊಂದವಳು ತಾನು. ಹೆಂಡತಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ತಮ್ಮನ ಹೆಂಡತಿಯ ಮುಂದೆ ಸಲೀಸಾಗಿ ಬಿಚ್ಚಿದ್ದ. ಚಿಕ್ಕಬೋರಮ್ಮನ ಎದೆಗೆ ಕೆಂಡ ಬಿದ್ದದ್ದು ಆಗ. ಪ್ರಮೀಳಾ ತಾನೂ ಲೋಟ ಹಿಡಿದು, ಮೂಸಿ, ಒಣದ್ರಾಕ್ಷಿ ವಾಸನೆ ಬರುತ್ತದೆ ಅಲ್ಲವಾ ಭಾವ ಎಂದಳು. ಅವನು ಮುಖವರಳಿಸಿ ಹೌದೆಂದ. ದಿನಕ್ಕೆ ಹತ್ತು ಮಾತಾಡದ ಗಂಡಸು ಅಂದು ಸಂಜೆಯವರೆಗೆ ದ್ರಾಕ್ಷಿ, ಪೀಪಾಯಿ, ಮಣ್ಣು, ವರ್ಷ ಎಂದು ಮಾತಾಡುತ್ತಲೇ ಇದ್ದ. ತನಗೆ ಅದು ಕೆಮ್ಮಿನ ಔಷಧಿ ಕುಡಿದಂತೆಯೇ ಇದೆ ಎಂದು ರವೀಂದ್ರ ನಗಾಡಿದರೂ ಆ ಇಬ್ಬರಿಗೂ ಕೇಳಿಸಲಿಲ್ಲ. ಚಿಕ್ಕಬೋರಮ್ಮ ಒಳಗೆ ಕೂತು, ತಳ ಸವೆಯುವ ಹಾಗೆ ಪಾತ್ರೆ ತಿಕ್ಕಿದಳು.

ನಾಲ್ಕನೇ ವರ್ಷವೂ ಕ್ಯಾರಿಯರ್ ಬಂತು. ಚಿಕ್ಕಬೋರಮ್ಮನ ಸಾರು ಸತ್ತವರಿಗೆ, ಪ್ರಮೀಳಾಳ ಸಾರು ಬದುಕಿರುವವರಿಗೆ. ಎಲ್ಲರೂ ಹೊರಟ ಮೇಲೆ ಬರಿದಾದ ಬಾಟಲಿ ತೊಳೆಯಲು ಹೋದವಳು ಏನೋ ಅನಿಸಿ ಅದರ ಬಾಯಿಗೆ ಮೂಗಿಟ್ಟಳು. ಒಣಗಿದ ನೇರಳೆಹಣ್ಣು, ಹೊಸ ಎಕ್ಕಡದ ಚರ್ಮ, ಅದರ ಹಿಂದೆ ಹೊಗೆ. ತೊಳೆಯಲಿಲ್ಲ. ಬೂಚು ಒತ್ತಿ ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ಗಂಡ ಡೈರಿಗೆ ಹಾಲು ಹಾಕಲು ಹೋದಾಗಲೆಲ್ಲ ಬೂಚು ತೆಗೆದು ಮೂಸುವಳು. ಈ ವಾಸನೆಯನ್ನು ಎಲ್ಲೋ ಕಂಡಿದ್ದೇನೆ ಎಂದು ಅವಳ ಮೂಗು ಹೇಳುತ್ತಿತ್ತು, ಎಲ್ಲಿ ಎಂದು ಮಾತ್ರ ಹೇಳುತ್ತಿರಲಿಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಬಾಡು ತೊಳೆಯುತ್ತಿರುವಾಗ ಹೊಳೆಯಿತು. ಅದು ಕೊರಬಾಡಿನ ವಾಸನೆ. ಉಪ್ಪು ಅರಿಶಿನ ಸವರಿ, ಬಿಸಿಲಿಗೆ ಒಣಗಿಸಿ, ಒಲೆಯ ಮೇಲೆ ಹೊಗೆಯಾಡುವ ಕಡೆ ನೇತುಹಾಕಿದ ಬಾಡು. ಅವನ ವೈನಿಗೆ ವರ್ಷಗಟ್ಟಲೆ ವಯಸ್ಸಾದರೆ ಇದಕ್ಕೂ ವಯಸ್ಸಾಗಬೇಕು. ಆ ದಿನವೇ ಎರಡು ಕೆಜಿ ಬಾಡು ದಾರಕ್ಕೆ ಪೋಣಿಸಿದಳು. ಕಾಯಿಹಾಲಿನವಳಿಗೆ ಇಂಥ ವಾಸನೆ ಕನಸಲ್ಲೂ ಸಿಕ್ಕುವುದಿಲ್ಲ ಎಂದುಕೊಂಡಾಗ ಒಂದೂವರೆ ವರ್ಷದಲ್ಲಿ ಮೊದಲ ಸಲ ಅವಳ ಹೊಟ್ಟೆ ತಣ್ಣಗಾಯಿತು.

ಐದನೆಯದು ಕೊನೆಯ ಬಾಟಲಿ. ಪಕ್ಷಕ್ಕೆ ವಾರವಿರುವಾಗ ಗಂಡನಿಗೆ ಹೇಳಿದಳು, ಈ ಸಲ ಕ್ಯಾರಿಯರ್ ಬೇಡ, ವೈನಿಗೂ ತನ್ನದೇ ಸಾರು ಎಂದು. ಚಿಕ್ಕಸ್ವಾಮಿ ತಲೆ ಕೆರೆದುಕೊಂಡ.

“ಕೊನೇದು ಕಣಮ್ಮಿ. ಇನ್ನು ಬೇಕಂದ್ರೂ ಸಿಕ್ಕಾಕಿಲ್ಲ.”

“ನಾನೂ ಅದುಕ್ಕೇ ಕೇಳ್ತಿರದು.”

ಅವನು ಒಪ್ಪಿದ. ಒಲ್ಲದ ಮನಸ್ಸಿನಿಂದ ಒಪ್ಪಿದ ಎಂಬುದು ಅವಳಿಗೆ ಗೊತ್ತಿತ್ತು.

ಹಬ್ಬದ ಬೆಳಿಗ್ಗೆ ಕೊರಬಾಡನ್ನು ಬಿಸಿನೀರಿಗೆ ಹಾಕಿದಳು. ಎರಡು ನೀರು ಬಸಿದು ಚೆಲ್ಲುವುದು ಅವರ ಮನೆಯ ಪದ್ಧತಿ, ಉಪ್ಪು ಇಳಿಯಲೆಂದು. ಮೊದಲ ನೀರು ಚೆಲ್ಲುವಾಗ ಆ ನೇರಳೆ, ಆ ಹೊಗೆ ಎಲ್ಲವೂ ಬಚ್ಚಲಿಗೆ ಹರಿದು ಹೋಗುತ್ತಿದೆ ಅನ್ನಿಸಿತು. ಅಷ್ಟರಲ್ಲಿ ಹೊರಗೆ ಪ್ರಮೀಳಾಳ ದನಿ ಕೇಳಿತು, ಭಾವ ಬೂಚು ಹುಷಾರು, ಹಳೇದು ಮುರಿಯುತ್ತೆ ಎಂದು. ಚಿಕ್ಕಬೋರಮ್ಮ ಎರಡನೇ ನೀರು ಹಾಕಲೇ ಇಲ್ಲ. ನೆನೆದ ಅವರೆಕಾಳು ಬೆರೆಸಿ, ಮೆಣಸಿನಕಾಯಿ ಎಣಿಸಿ ಮೂರೇ ಹಾಕಿ, ಮಂದವಾಗಿ ಕಾಯಿಸಿದಳು. ಹಬೆಗೆ ಮೂಗು ಒಡ್ಡಿದಳು. ಉಪ್ಪು ಹದವಾಗಿತ್ತು. ಎಡೆಯ ಅಡುಗೆ, ನಾಲಿಗೆಗೆ ಮುಟ್ಟಿಸುವ ಹಾಗಿರಲಿಲ್ಲ.

ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ, ಹಿರಿಯರು ಉಣ್ಣಲೆಂದು ಕಾದು, ಬಾಗಿಲು ತೆಗೆಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಬಾಡಿನೊಳಗೆ ಅಡಗಿದ್ದ ಉಪ್ಪೆಲ್ಲ ಆ ಒಂದು ಗಂಟೆಯಲ್ಲಿ ಮೆಲ್ಲಗೆ ಸಾರಿಗಿಳಿದಿತ್ತು.

ಬಡಿಸಿದಳು. ಗಮ ಮೂಗಿಗೆ ಬಡಿದೊಡನೆ ಚಿಕ್ಕಸ್ವಾಮಿ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಲೋಟ ಮೂಸಿದ, ಮತ್ತೆ ತಟ್ಟೆ ಮೂಸಿದ. ಹೊಸದಾಗಿ ಲಗ್ನವಾದಾಗ ನೋಡುತ್ತಿದ್ದ ಹಾಗೆ ನೋಡಿದ. ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ ಎಂದು ಕೇಳಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ಒಂದು ತುತ್ತು ಬಾಯಿಗಿಟ್ಟ. ಅಗಿದ. ನಿಧಾನವಾಗಿ ನುಂಗಿದ. ವೈನಿನ ಲೋಟಕ್ಕೆ ಹೋದ ಕೈ ಅಲ್ಲಿಂದ ನೀರಿನ ಚೆಂಬಿಗೆ ಹೋಯಿತು. ಆಮೇಲೆ, ಅವಳು ಸಾಯುವವರೆಗೂ ಮರೆಯದಂಥ ಒಂದು ಕೆಲಸ ಮಾಡಿದ. ಏನು ಮಾಡೋಣ ಎನ್ನುವಂತೆ ಪ್ರಮೀಳಾಳ ಕಡೆ ನೋಡಿದ.

ಚಿಕ್ಕಬೋರಮ್ಮ ಒಳಗೆ ಹೋಗಿ ಒಂದು ತೊಟ್ಟು ಸಾರು ಅಂಗೈಗೆ ಹಾಕಿ ನೆಕ್ಕಿದಳು. ಉಪ್ಪು ನಾಲಿಗೆ ಸುಟ್ಟಿತು. ಹಿಂದೆಯೇ ಪ್ರಮೀಳಾ ಬಂದಳು. ಅವಳ ಮುಖದಲ್ಲಿ ಗೆದ್ದವಳ ಗತ್ತು ಕಾಣಲಿ ಎಂದು ಚಿಕ್ಕಬೋರಮ್ಮ ಹುಡುಕಿದಳು, ಸಿಕ್ಕಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಅಕ್ಕ, ಇಂಥ ಗಮ ನಾನು ಏಳು ಜನ್ಮ ಎತ್ತಿದ್ರೂ ತರಕ್ಕಾಗಲ್ಲ,” ಎಂದಳು ಪ್ರಮೀಳಾ ಮೆಲ್ಲಗೆ. ಕಟ್ಟೆಯ ಮೇಲಿದ್ದ ಅರ್ಧ ತೆಂಗಿನಕಾಯಿ ಕೈಗೆತ್ತಿಕೊಂಡಿದ್ದಳು. “ಒಂಚೂರು ಉಪ್ಪು ಮುಂದಾಗೈತೆ, ಅಷ್ಟೇ. ವೈನು ಇನ್ನೂ ಅರ್ಧ ಐತೆ. ಕಾಯಿಹಾಲು ಹಿಂಡಿ ಒಂದು ಕುದಿ ಬರ್ಸಿದ್ರೆ ಸರಿ ಹೋಗುತ್ತೆ. ಐದೇ ನಿಮಿಷ. ನಾನು ತುರ್ಕೊಡ್ತೀನಿ, ಭಾವಂಗೆ ಗೊತ್ತಾಗಲ್ಲ.”

ಚಿಕ್ಕಬೋರಮ್ಮ ಅವಳ ಕೈಯಿಂದ ಕಾಯಿ ಬಿಡಿಸಿಕೊಂಡು ಮೇಲಿನ ಹಲಗೆಯ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾರಿನ ಪಾತ್ರೆ ಎತ್ತಿಕೊಂಡಳು.

“ಬ್ಯಾಡ ಕಣವ್ವ. ನೀ ಕೈ ಆಕಿದ್ರೆ ಸರಿ ಆಯ್ತದೆ, ನಂಗೂ ಗೊತ್ತು. ಸರಿ ಆದ್ಮ್ಯಾಕೆ ಅದು ನಿನ್ ಸಾರಾಯ್ತದೆ. ಉಪ್ಪಾದ್ರೂ ಇದು ನಂದು, ನಂದಾಗೇ ಇರ್ಲಿ ಬುಡು. ನೀ ವೋಗಿ ಕೂತ್ಕೊ, ನಾನೇ ಬಡಿಸ್ತೀನಿ.”